ಸಂಜೆ ನಾಲ್ಕರ ಊಟ

ಆ ಬೀದಿಯಲ್ಲಿ ರಾತ್ರಿಯ ಊಟವನ್ನು ಸಂಜೆ ನಾಲ್ಕಕ್ಕೆ ಮಾಡಿ ಮುಗಿಸುವ ಮನೆ ಒಂದೇ ಒಂದು. ಕೆಳಗಿನ ಮನೆಯವರು ಮಧ್ಯಾಹ್ನದ ನಿದ್ದೆ ಮುಗಿಸಿ ಚಹಾಕ್ಕೆ ನೀರಿಡುವ ಹೊತ್ತಿಗೆ ಎರಡನೇ ಮಹಡಿಯಲ್ಲಿ ಕುಕ್ಕರು ಕೂಗುತ್ತಿತ್ತು. "ಏನಕ್ಕಾ, ಡಾಕ್ಟ್ರು ಹೇಳಿದ್ರಾ ಇಷ್ಟು ಬೇಗ ಉಣ್ಣೋಕೆ?" ಎಂದು ಯಾರಾದರೂ ಮೆಟ್ಟಿಲ ಮೇಲೆ ಕೇಳಿದರೆ ಪರದೆಯಕ್ಕ, "ಹ್ಞೂ ಮತ್ತೆ, ಬೇಗ ಉಂಡ್ರೆ ಮೈಗೆ ಒಳ್ಳೇದಂತೆ" ಎಂದು ನಕ್ಕು, ಎರಡನೇ ಪ್ರಶ್ನೆ ಬರುವ ಮೊದಲೇ ಮೆಟ್ಟಿಲು ಹತ್ತಿಬಿಡುತ್ತಿದ್ದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಹೇಳುವಾಗೆಲ್ಲ ಕಿವಿ ಕೆಂಪಾಗುತ್ತಿತ್ತು.

ಪರದೆಯಕ್ಕ ಎಂಬ ಹೆಸರು ಬಂದದ್ದು ಅವಳು ಅಂಗಡಿಯವರಿಗೆ ಕಿಟಕಿ ಪರದೆ ಹೊಲಿದು ಕೊಡುತ್ತಿದ್ದುದರಿಂದ. ಅವಳ ಗಂಡನಿಗೂ ಡಿಪೋದಲ್ಲಿ ಒಂದು ಅಡ್ಡಹೆಸರಿತ್ತು: ಬೆಣ್ಣೆ. ಬಸ್ಸು ನಿಲ್ಲಿಸಿದರೆ ನಿಂತದ್ದೇ ಗೊತ್ತಾಗಬಾರದು, ಅಷ್ಟು ನಯವಾಗಿ ಬ್ರೇಕು ಹಾಕುವವನು. ಕೈಯಲ್ಲಿ ಬಿಸಿ ಚಹಾದ ಲೋಟ ಹಿಡಿದು ನಿಂತವರೂ ಒಂದು ಹನಿ ಚೆಲ್ಲದೆ ಇಳಿದು ಹೋಗುತ್ತಿದ್ದರು. ಹೊಸದಾಗಿ ಸೇರಿದ ಡ್ರೈವರುಗಳನ್ನು ಮ್ಯಾನೇಜರು, "ಹೋಗ್ರಯ್ಯಾ, ಒಂದು ವಾರ ಬೆಣ್ಣೆ ಪಕ್ಕದಲ್ಲಿ ಕೂತು ಅವನ ಕಾಲು ನೋಡಿ ಬನ್ನಿ" ಎಂದು ಕಳಿಸುತ್ತಿದ್ದರು. ಆ ಹೆಸರು ಕೇಳಿದಾಗ ಪರದೆಯಕ್ಕನಿಗೆ ಒಳಗೊಳಗೇ ಹೆಮ್ಮೆ. ಮದುವೆಯಾದ ಹೊಸದರಲ್ಲಿ ಅವನ ಬಸ್ಸಿನಲ್ಲೇ ಕೂತು ಕೊನೇ ಸ್ಟಾಪಿನವರೆಗೆ ಹೋಗಿ ಬರುತ್ತಿದ್ದಳು, ಕೆಲಸವೇನೂ ಇಲ್ಲದಿದ್ದರೂ.

ಇಂಥ ಬೆಣ್ಣೆಗೆ ಕುಡಿತದ ಚಟ. ಬಸ್ಸಿನಲ್ಲಿ ಎಂದೂ ಕುಡಿದವನಲ್ಲ, ದೇವರಾಣೆ. ಕೆಲಸ ಮುಗಿಸಿ ಬಂದ ಮೇಲೆ, ಮನೆಯಲ್ಲಿ, ಊಟದ ಜೊತೆ. ಯಾರಿಗೂ ಬೈದವನಲ್ಲ, ಹೊಡೆದವನಲ್ಲ. ಕುಡಿದು, ಉಂಡು, ಬಿದ್ದುಕೊಳ್ಳುತ್ತಿದ್ದ. ಆದರೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಪರದೆಯಕ್ಕ ಅತ್ತಳು, ಕೂಗಾಡಿದಳು, ಮಾತು ಬಿಟ್ಟಳು. ಮಾತು ಬಿಟ್ಟ ವಾರ ಅವನು ಹೊರಗೆ ಕುಡಿದು ಬಂದ. ಅದಕ್ಕಿಂತ ಕಣ್ಣೆದುರಿಗೇ ಕುಡಿಯಲಿ ಎಂದು ಕೈ ಚೆಲ್ಲಿದಳು.

ಆಮೇಲೆ ಡಿಪೋದ ಗೇಟಿಗೆ ಉಸಿರು ನೋಡುವ ಮೆಷಿನ್ನು ಬಂತು. ಅದನ್ನು ಹಿಡಿದು ಕೂತ ಗೇಟಿನವನು ಪ್ರತಿಯೊಬ್ಬನಿಗೂ "ಊದಪ್ಪಾ, ಊದು, ಇನ್ನೂ ಊದು" ಎನ್ನುತ್ತಿದ್ದುದರಿಂದ ಅವನಿಗೆ ಊದಪ್ಪ ಎಂದೇ ಹೆಸರಾಯಿತು. ಹಸಿರು ದೀಪ ಹತ್ತಿದರೆ ಬಸ್ಸಿನ ಕೀಲಿ ಕೈಗೆ, ಕೆಂಪು ಹತ್ತಿದರೆ ಮ್ಯಾನೇಜರ ಕೋಣೆಗೆ. ಗೋಡೆಯ ಮೇಲೆ ಕಾನೂನು ಬರೆದು ಅಂಟಿಸಿದ್ದರು. ಸ್ವಂತ ಕಾರು ಓಡಿಸುವವರ ಉಸಿರಿಗೆ ಒಂದು ಮಿತಿ. ಬಸ್ಸು, ಲಾರಿ, ಟ್ಯಾಂಕರಿನ ಲೈಸೆನ್ಸ್ ಇರುವವರಿಗೆ ಅದರ ಅರ್ಧ. ಮೀರಿದರೆ ಒಂದು ವರ್ಷ ಲೈಸೆನ್ಸ್ ಇಲ್ಲ. ಎರಡನೇ ಸಲ ಸಿಕ್ಕಿದರೆ ಜೀವಮಾನಕ್ಕೇ ಇಲ್ಲ. ಊದುವುದಿಲ್ಲ ಎಂದು ಮೊಂಡು ಹಿಡಿದರೂ ಅದೇ ಶಿಕ್ಷೆ, ರಜೆಯ ದಿನ ಸ್ವಂತ ಕಾರಿನಲ್ಲಿ ಸಿಕ್ಕಿಬಿದ್ದರೂ ಅದೇ ಶಿಕ್ಷೆ.

"ಇದ್ಯಾವ ನ್ಯಾಯ ಹೇಳು?" ಎಂದು ಗಂಡ ಅವತ್ತು ಊಟಕ್ಕೆ ಕೂತು ಕೂಗಾಡಿದ್ದ. "ನಿನ್ನ ತಮ್ಮ ಕಾರು ಓಡಿಸ್ತಾನೆ. ಅವನು ನನಗಿಂತ ಎರಡು ಪಾಲು ಕುಡಿದು ಓಡಿಸಬಹುದು. ಅದೇ ರಸ್ತೆ, ಅದೇ ಸಿಗ್ನಲ್ಲು. ಓಡಿಸೋಕೆ ಬರದವನಿಗೆ ಸಲಿಗೆ, ಬರೋವನಿಗೆ ಬರೆ!"

"ಅವನ ಬೆನ್ನ ಹಿಂದೆ ಬಸ್ ತುಂಬ ಜನ ಕೂತಿರಲ್ಲ ಕಣ್ರೀ" ಎಂದಿದ್ದಳು ಪರದೆಯಕ್ಕ. ಅವನು ಆಲೂಗಡ್ಡೆಗೆ ಉಪ್ಪು ಕಮ್ಮಿಯಾಗಿದೆ ಎಂದು ಬೈದು ಎದ್ದ.

ಕೆಲವೇ ದಿನಕ್ಕೆ ಒಂದು ಬೆಳಗ್ಗೆ ಮೆಷಿನ್ನಿನ ಅಂಕಿ ಮಿತಿಯ ಅಂಚಿಗೇ ಬಂದು ನಿಂತಿತು. ಹಳೆಯ ಸ್ನೇಹಕ್ಕೆ ಊದಪ್ಪ ಅವನನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಿ ಕೀಲಿ ಕೊಟ್ಟ. "ರಾತ್ರಿ ಕುಡಿದದ್ದು ಬೆಳಗ್ಗೆಗೆ ಇಳಿದಿರಲ್ಲ ಬೆಣ್ಣೆ. ಬೇಗ ಉಂಡು ಬೇಗ ಮಲಗು. ಇನ್ನೊಂದು ಸಲ ನಾನು ಕಣ್ಣು ಮುಚ್ಚಲ್ಲ, ನನಗೂ ಮಕ್ಕಳಿದ್ದಾರೆ" ಎಂದ.

ಗಂಡ ಇದನ್ನು ಮನೆಗೆ ಬಂದು ಹೇಳಿದಾಗ ಪರದೆಯಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪರದೆ ಹೊಲಿದ ದುಡ್ಡಿನಲ್ಲಿ ತರಕಾರಿ ಬರುತ್ತದೆ, ಮನೆ ನಡೆಯುವುದಿಲ್ಲ. ಲೈಸೆನ್ಸ್ ಹೋದರೆ ಬೆಣ್ಣೆ ಬೆಣ್ಣೆಯಾಗಿ ಉಳಿಯುವುದಿಲ್ಲ, ಮೂಲೆಯಲ್ಲಿ ಕೂತು ಕುಡಿಯುವ ಒಬ್ಬ ಗಂಡಸು, ಅಷ್ಟೇ. ಅವಳು ಇಡೀ ದಿನ ಹೊಲಿಗೆ ಮೆಷಿನ್ನು ತುಳಿಯುತ್ತ ಯೋಚಿಸಿ ಒಂದು ಉಪಾಯ ಮಾಡಿದಳು. ಆ ಉಪಾಯಕ್ಕೆ ಅವಳೇ ಆಮೇಲೆ ತಲೆ ಚಚ್ಚಿಕೊಂಡಳು. ಆದರೆ ಅವತ್ತು ಅದು ಬಹಳ ಜಾಣತನ ಅನ್ನಿಸಿತ್ತು.

ಕೊನೆಯ ಗುಟುಕಿಗೂ ಊದಪ್ಪನ ಮೆಷಿನ್ನಿಗೂ ನಡುವೆ ಅರ್ಧ ದಿನದ ಅಂತರವಿರಬೇಕು. ಬಾಟಲಿ ಇನ್ನು ಮೇಲೆ ಅವಳ ಹೊಲಿಗೆ ಮೆಷಿನ್ನಿನ ಕೆಳಗಿನ ಡ್ರಾಯರಿನಲ್ಲಿ, ಬೀಗದೊಳಗೆ. ಬೀಗದ ಕೈ ಅವಳ ಸೊಂಟದಲ್ಲಿ. ಊಟದ ಹೊತ್ತಿಗೆ ಅವಳೇ ತೆಗೆದು, ಅವಳೇ ಅಳೆದು, ಅವಳೇ ಕೊಡುತ್ತಾಳೆ. ಊಟ ಎಲ್ಲರಿಗೂ ಒಟ್ಟಿಗೆ. ಒಬ್ಬನೇ ಮೊದಲು ಕೂತರೆ ಅವನು ಊಟ ಬಿಟ್ಟು ಬಾಟಲಿಯನ್ನೇ ಉಣ್ಣುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

"ನಾನೇನು ಶಾಲೆ ಹುಡುಗನಾ, ನೀನು ಅಳೆದು ಕೊಡೋಕೆ?" ಎಂದ ಗಂಡ.

"ಶಾಲೆ ಹುಡುಗರ ಲೈಸೆನ್ಸ್ ಯಾರೂ ಕಿತ್ಕೊಳ್ಳಲ್ಲ" ಎಂದಳು. ಒಪ್ಪಿಕೊಂಡ.

ಮೊದಲು ಅವನ ಪಾಳಿ ಬೆಳಗ್ಗೆ ಸ್ವಲ್ಪ ತಡವಾಗಿ ಶುರುವಾಗುತ್ತಿತ್ತು, ಊಟ ಆರಕ್ಕೆ ಬಂತು. ಹೇಗೋ ಹೊಂದಿಕೊಂಡರು. ಆಮೇಲೆ ಪಾಳಿಯ ಪಟ್ಟಿ ಬದಲಾಗಿ ಅವನ ಪಾಲಿಗೆ ಮೊದಲನೇ ಬಸ್ಸು ಬಂತು. ಕತ್ತಲು ಹರಿಯುವ ಮೊದಲೇ ಗೇಟಿನಲ್ಲಿರಬೇಕು. ಪರದೆಯಕ್ಕ ಬೆರಳು ಮಡಚಿ ಲೆಕ್ಕ ಹಾಕಿ ಊಟವನ್ನು ನಾಲ್ಕಕ್ಕೆ ತಂದಳು.

ಅಲ್ಲಿಂದ ಮನೆಯಲ್ಲಿ ಮಹಾಭಾರತ ಶುರು.

"ಸೂರ್ಯ ನೆತ್ತಿ ಮೇಲಿಂದ ಇಳಿದಿಲ್ಲ, ಆಗಲೇ ರಾತ್ರಿ ಊಟವಂತೆ" ಎಂದು ಅತ್ತೆ ತಟ್ಟೆ ದೂಡಿದರು. "ದನಗಳೂ ಇಷ್ಟು ಬೇಗ ಕೊಟ್ಟಿಗೆಗೆ ಬರಲ್ಲ ಕಣೇ. ಮಧ್ಯಾಹ್ನದ್ದೇ ಇನ್ನೂ ಗಂಟಲಲ್ಲಿದೆ."

"ಹಾಗಾದ್ರೆ ಮಧ್ಯಾಹ್ನ ಕಮ್ಮಿ ಉಣ್ಣಿ ಅತ್ತೆ."

"ನೋಡೋ, ನಿನ್ನ ಹೆಂಡ್ತಿ ನನ್ನ ತುತ್ತು ಎಣಿಸ್ತಾಳೆ!"

"ಅಮ್ಮಾ, ಸುಮ್ನೆ ಉಣ್ಣು" ಎಂದ ಮಗ, ಹೆಂಡತಿ ಅಳೆಯುತ್ತಿದ್ದ ಲೋಟದ ಮೇಲೆ ಕಣ್ಣು ನೆಟ್ಟು.

ಅತ್ತೆ ಮುಖ ಊದಿಸಿಕೊಂಡು ಉಂಡರು. ಎಂಟು ಗಂಟೆಗೆ ಅವರ ಹೊಟ್ಟೆ ತಾಳ ಹಾಕತೊಡಗುತ್ತಿತ್ತು. ದಿಂಬಿನ ಕೆಳಗೆ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಂಡು ಕಟುಂ ಕುಟುಂ ಎಂದು ತಿನ್ನುತ್ತಿದ್ದರು, ಇರುವೆ ಹತ್ತಿದವು. ಇರುವೆ ಹತ್ತಿದ್ದಕ್ಕೂ ಸೊಸೆಯನ್ನೇ ಬೈದರು. ಆದರೆ ಮಗನ ಕುಡಿತಕ್ಕೆ ಒಂದು ಮಾತು ಅಂದವರಲ್ಲ. "ದುಡಿದು ದಣಿದು ಬರ್ತಾನೆ ಪಾಪ, ಅವನಪ್ಪನ ಹಾಗೆ ಬೀದಿಲಿ ಬೀಳ್ತಾನಾ? ಮನೇಲೇ ತಾನೆ?" ಎನ್ನುವರು.

ಮಗಳದ್ದು ಬೇರೆಯೇ ಕತೆ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಬೆಳಗಿನ ಪಾಳಿ ಅವಳಿಗೆ. ಅಪ್ಪನ ಮೊದಲನೇ ಬಸ್ಸಿಗೇ ಹೋಗುತ್ತಿದ್ದಳು. ಡ್ರೈವರಿನ ಹಿಂದಿನ ಕಂಬಿ ಹಿಡಿದು ನಿಲ್ಲುವುದು ಅವಳಿಗೆ ಚಿಕ್ಕಂದಿನ ಅಭ್ಯಾಸ, ಸೀಟು ಖಾಲಿಯಿದ್ದರೂ ಕೂರುವವಳಲ್ಲ. ಪಾಳಿ ಮುಗಿಸಿ ಬಂದು, ಮಲಗಿ ಎದ್ದು ಅವಳು ತಟ್ಟೆಯ ಮುಂದೆ ಕೂರುವಷ್ಟರಲ್ಲಿ ಅಪ್ಪನ ಲೋಟ ತುಂಬಿರುತ್ತಿತ್ತು, ತುಂಬಿದವರು ಯಾರೆಂದು ಅವಳು ನೋಡಿರಲಿಲ್ಲ. ಒಂದು ದಿನ ಸಿಂಕಿನಲ್ಲಿ ಪಾತ್ರೆ ತೊಳೆಯುವಾಗ ಗೆರೆಗಳಿರುವ ಪುಟ್ಟ ಪ್ಲಾಸ್ಟಿಕ್ ಲೋಟ ಅವಳ ಕೈಗೆ ಸಿಕ್ಕಿತು. ಕೆಮ್ಮಿನ ಔಷಧಿ ಅಳೆಯುವುದು. ಅಜ್ಜಿಗೆ ಬೇಕು ಎಂದು ಅಮ್ಮ ಕೇಳಿದ್ದಕ್ಕೆ ಅವಳೇ ಕೌಂಟರಿನಿಂದ ತಂದುಕೊಟ್ಟದ್ದು. ಮೂಸಿ ನೋಡಿದಳು.

"ಅಮ್ಮಾ, ಇದರಲ್ಲಿ ಏನು ಅಳೀತೀಯ?"

ಪರದೆಯಕ್ಕ ಅಕ್ಕಿ ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ಅಜ್ಜಿ ಔಷಧಿ ಅಂದೆಯಲ್ಲ!"

"ಮೆಲ್ಲಗೆ ಮಾತಾಡೇ. ಇದರಲ್ಲಿ ಅಳೆದ್ರೆ ಕೈ ತಪ್ಪಲ್ಲ. ಕಣ್ಣಂದಾಜಿಗೆ ಸುರಿದ್ರೆ ಹೆಚ್ಚಾಗತ್ತೆ, ಬೆಳಗ್ಗೆ ಇಳಿಯಲ್ಲ."

"ನೀನು ಸುರಿದು ಕೊಡ್ತೀಯಾ?" ಮಗಳ ಕಣ್ಣು ಅಗಲವಾದವು. "ಅಪ್ಪ ಕುಡೀತಾರೆ ಅಂತ ಗೊತ್ತಿತ್ತು. ನೀನು ಕುಡಿಸ್ತೀಯ ಅಂತ ಗೊತ್ತಿರಲಿಲ್ಲ."

"ಬಾಯಿ ಮುಚ್ಚು! ನಿನಗೇನು ಗೊತ್ತು ಮನೆ ನಡೆಸೋ ಕಷ್ಟ? ನಾನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯದಿದ್ರೆ ಇಷ್ಟು ಹೊತ್ತಿಗೆ ನಿಮ್ಮಪ್ಪನ ಲೈಸೆನ್ಸ್ ಮಣ್ಣುಪಾಲಾಗಿರ್ತಿತ್ತು. ಒಂದು ದಿನ ಕೆಂಪು ದೀಪ ಹತ್ತಿದೆಯಾ? ಹೇಳು, ಹತ್ತಿದೆಯಾ?"

"ನಮ್ಮನೇಲಿ ಗಡಿಯಾರಕ್ಕೂ ಕುಡಿತ ಹತ್ತಿದೆ ಅಷ್ಟೇ" ಎಂದು ಮಗಳು ಲೋಟವನ್ನು ಸಿಂಕಿಗೆ ಎಸೆದು ಹೋದಳು. ಪರದೆಯಕ್ಕ ಎದ್ದು ಅದನ್ನು ತೊಳೆದು, ಒರೆಸಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು.

ಇಷ್ಟಾದರೂ ಉಪಾಯ ನಡೆಯುತ್ತಲೇ ಇತ್ತು. ದಿನಾ ಹಸಿರು ದೀಪ. ಊದಪ್ಪನೇ ಒಂದು ದಿನ ಮಾರುಕಟ್ಟೆಯಲ್ಲಿ ಸಿಕ್ಕಿ, "ಏನಕ್ಕಾ, ಬೆಣ್ಣೆ ಬದಲಾಗಿಬಿಟ್ಟಿದ್ದಾನೆ, ಭೇಷ್" ಎಂದ. ಪರದೆಯಕ್ಕ ಅವತ್ತು ಅರ್ಧ ಡಜನ್ ಮೊಟ್ಟೆ ಹೆಚ್ಚಿಗೆ ಕೊಂಡಳು.

ಎಡವಟ್ಟಾದದ್ದು ಡಿಪೋದ ಹಳೆಯ ಮೆಕ್ಯಾನಿಕ್ ನಿವೃತ್ತನಾದ ದಿನ. ಮಧ್ಯಾಹ್ನ ಪಾಳಿ ಮುಗಿದ ಮೇಲೆ ವರ್ಕ್‌ಶಾಪಿನ ಹಿಂದೆ ಎಲ್ಲರೂ ಸೇರಿ ಔತಣ ಇಟ್ಟುಕೊಂಡಿದ್ದರು. "ಸುಮ್ನೆ ತಲೆ ತೋರಿಸಿ ಬರ್ತೀನಿ" ಎಂದಿದ್ದ ಗಂಡ. ನಾಲ್ಕಾಯಿತು, ಬರಲಿಲ್ಲ. ಅನ್ನ ಆರಿತು. ಅತ್ತೆ, "ಇವತ್ತಾದ್ರೂ ಮನುಷ್ಯರ ಹೊತ್ತಿಗೆ ಉಣ್ಣೋಣ ಬಿಡು" ಎಂದು ಖುಷಿಯಾಗಿ ಟಿವಿ ಹಾಕಿಕೊಂಡರು. ಪರದೆಯಕ್ಕ ಕೂತಲ್ಲಿ ಕೂರಲಾರದೆ ಬಾಲ್ಕನಿಗೂ ಅಡುಗೆಮನೆಗೂ ಓಡಾಡಿದಳು. ಅವನು ಬಂದದ್ದು ಬೀದಿ ದೀಪ ಹತ್ತಿ ಬಹಳ ಹೊತ್ತಾದ ಮೇಲೆ. ಮುಖ ನೋಡಿದರೆ ಸಾಕಿತ್ತು.

"ನಾಳೆ ರಜೆ ಹೇಳಿ" ಎಂದಳು.

"ಯಾಕೆ? ನಾನೇನು ಕುಡಿದಿಲ್ಲ. ಎರಡೇ ಎರಡು."

"ಯಾವ ಎರಡು? ಎರಡು ಬಾಟಲಿನಾ? ರಜೆ ಹೇಳಿ, ಕೈ ಮುಗೀತೀನಿ."

"ಔತಣದ ಮರುದಿನ ರಜೆ ಹೇಳಿದ್ರೆ ಮ್ಯಾನೇಜರಿಗೆ ಗೊತ್ತಾಗಲ್ವಾ? ಅವನೇನು ಹಾಲು ಕುಡಿಯೋ ಮಗುನಾ?" ಎಂದ ಗಂಡ. ಮಾತು ತೊದಲುತ್ತಿದ್ದರೂ ಅದರಲ್ಲಿ ಹುರುಳಿತ್ತು, ಅದೇ ಅವಳ ಗ್ರಹಚಾರ.

ಅವಳು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಬದಲಿಗೆ ಚೊಂಬಿನ ಮೇಲೆ ಚೊಂಬು ನೀರು ಕುಡಿಸಿದಳು. ಬಲವಂತವಾಗಿ ಉಣಿಸಿದಳು. ಎಂದಿಗಿಂತ ಬೇಗ ಎಬ್ಬಿಸಿ ತಣ್ಣೀರು ಸುರಿದಳು, ನಿಂಬೆಹಣ್ಣು ಹಿಂಡಿ ಕೊಟ್ಟಳು, ಮನೆಯೊಳಗೇ ಅತ್ತಿಂದಿತ್ತ ನಡೆಸಿದಳು. "ಬರೀ ನೀರಿಗೆ ಇಳಿಯಲ್ಲಮ್ಮ ಅದು, ಅದರ ಪಾಡಿಗೆ ಅದು ಇಳೀಬೇಕು" ಎಂದು ಮಗಳು ಬಾಗಿಲಲ್ಲಿ ನಿಂತು ಹೇಳಿದರೂ ಕೇಳಿಸಿಕೊಳ್ಳಲಿಲ್ಲ. ಅವನು ಹೊರಟ ಮೇಲೆ ಫೋನು ಕೈಯಲ್ಲೇ ಹಿಡಿದು ಜೀವ ಬಿಗಿಹಿಡಿದು ಕೂತಳು. ಫೋನು ಬಂತು.

"ಹಸಿರು!" ಎಂದ ಗಂಡ. "ಅಂಚಿಗೇ ಬಂದಿತ್ತು. ಆದ್ರೂ ಹಸಿರು."

ಪರದೆಯಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟಳು, ಸಮಾಧಾನಕ್ಕೆ. ಮಗಳು ಚೀಲ ಹೆಗಲಿಗೇರಿಸಿ ಅಪ್ಪನ ಬಸ್ಸು ಹಿಡಿಯಲು ಕೆಳಗಿಳಿದದ್ದನ್ನು ಗಮನಿಸಲೂ ಇಲ್ಲ.

ಮಧ್ಯಾಹ್ನಕ್ಕೆ ಮೊದಲೇ ಮಗಳು ಮನೆಗೆ ಬಂದಳು. ಎಡಗೈಗೆ ಬ್ಯಾಂಡೇಜು ಸುತ್ತಿತ್ತು, ಹಣೆಯ ಮೇಲೆ ಗಾಯದ ಊತ.

"ಅಯ್ಯೋ ದೇವರೇ! ಏನಾಯ್ತೇ?"

"ಅಪ್ಪ ಬ್ರೇಕ್ ಹಾಕಿದ್ರು" ಎಂದಳು ಮಗಳು. ಅಷ್ಟೇ ಹೇಳಿ ಕುರ್ಚಿಯಲ್ಲಿ ಕೂತಳು.

ಉಳಿದದ್ದನ್ನು ಅವಳ ಬಾಯಿಂದ ಒಂದೊಂದೇ ಎಳೆಯಬೇಕಾಯಿತು. ಆಸ್ಪತ್ರೆಗೆ ಎರಡು ಸ್ಟಾಪು ಮೊದಲು, ಪಕ್ಕದ ಗಲ್ಲಿಯಿಂದ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ರಸ್ತೆಗೆ ಬಂದಿದ್ದ. ಬಸ್ಸು ಅವನ ಹಿಂದಿನ ಚಕ್ರಕ್ಕೆ ತಾಗಿ ನಿಂತಿತು. ಚಕ್ರ ಸೊಟ್ಟಗಾಗಿ ಹಾಲೆಲ್ಲ ರಸ್ತೆಗೆ ಚೆಲ್ಲಿತು, ಅವನು ಮಾತ್ರ ಎದ್ದು ನಿಂತ. ಬಸ್ಸಿನೊಳಗೆ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಡಯಾಲಿಸಿಸ್‌ಗೆ ಹೊರಟಿದ್ದ ಒಬ್ಬ ಅಜ್ಜಿಯ ತೊಡೆಯ ಮೂಳೆ ಮುರಿಯಿತು.

ಪೊಲೀಸರು ಬಂದು ಅಲ್ಲೇ ಊದಿಸಿದರು. ಆ ಹೊತ್ತಿಗೆ ಅಂಕಿ ಇನ್ನೂ ಇಳಿದಿತ್ತು. ಮಿತಿಯೊಳಗೇ. ಊದಪ್ಪನ ಬೆಳಗಿನ ಅಂಕಿಯೂ ಮಿತಿಯೊಳಗೇ. ಬ್ರೇಕು ಪರೀಕ್ಷಿಸಿದರು, ಟೈರು ನೋಡಿದರು, ಎಲ್ಲ ಸರಿಯಿತ್ತು. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿ ಕಳಿಸಿದರು.

ಆ ವಾರವೂ ನಾಲ್ಕಕ್ಕೆ ಊಟ ಮಾತ್ರ ತಪ್ಪಲಿಲ್ಲ. ಯಾವ ದಿನ ಕರೆ ಬರುತ್ತದೋ, ಮೆಷಿನ್ನಿಗೆ ತಯಾರಿರಬೇಕಲ್ಲ. ಪರದೆಯಕ್ಕ ಅಳೆದಳು, ಗಂಡ ಕುಡಿದ, ಮಗಳು ತಟ್ಟೆ ಎತ್ತಿಕೊಂಡು ಬಾಲ್ಕನಿಗೆ ಹೋದಳು. ಡಿಪೋದಿಂದ ಕರೆ ಬಂದದ್ದು ಒಂದು ಮಧ್ಯಾಹ್ನ. ಫೋನಿಟ್ಟ ಗಂಡನ ಮುಖ ಅರಳಿತ್ತು.

"ನನ್ನ ತಪ್ಪಿಲ್ಲವಂತೆ! ಸೈಕಲ್ಲಿನವನು ನೋಡದೆ ಬಂದನಂತೆ. ಅಮ್ಮಾ, ಕೇಳಿಸ್ತಾ? ನಾಳೆಯಿಂದ ಬಸ್ಸು ನಂದೇ."

"ನನ್ನ ಮಗನ ಮೇಲೆ ಯಾರ ದೃಷ್ಟಿ ಬಿದ್ದಿತ್ತೋ ಏನೋ" ಎಂದು ಅತ್ತೆ ನೆಟಿಗೆ ಮುರಿದರು. ಸಕ್ಕರೆ ಡಬ್ಬಿ ತಂದು ಎಲ್ಲರ ಬಾಯಿಗೂ ಒಂದೊಂದು ಚಿಟಿಕೆ ಹಾಕಿದರು. ಮೊಮ್ಮಗಳ ಮುಂದೆ ಕೈ ಚಾಚಿದರೆ ಅವಳು ಬಾಯಿ ತೆರೆಯಲಿಲ್ಲ.

"ಏನೇ ನಿಂದು? ಅಪ್ಪ ಗೆದ್ದು ಬಂದ್ರೆ ಮುಖ ಯಾಕೆ ಹಾಗೆ?"

"ಮೆಷಿನ್ನೇ ಹೇಳಿದೆ ನಾನು ಸರಿಯಿದ್ದೆ ಅಂತ. ಕಾನೂನೇ ಹೇಳಿದೆ. ಇವಳಿಗೆ ಮಾತ್ರ..." ಎಂದು ಗಂಡ ಅಂಗಿ ಹಾಕಿಕೊಂಡು ಡಿಪೋಗೆ ಸಹಿ ಹಾಕಲು ಹೊರಟ. ಅವನು ಮೆಟ್ಟಿಲು ಇಳಿದ ಸದ್ದು ನಿಲ್ಲುವವರೆಗೂ ಮಗಳು ಕಾದಳು.

"ಅಮ್ಮಾ, ನಾನು ಅಪ್ಪನ ಹಿಂದೇನೇ ನಿಂತಿದ್ದೆ. ಸೈಕಲ್ ನನಗೆ ಕಾಣಿಸ್ತು. ಗಲ್ಲಿ ಬಾಯಲ್ಲಿ ಇರುವಾಗಲೇ ಕಾಣಿಸ್ತು. ಅಪ್ಪನ ಕಣ್ಣೂ ಆ ಕಡೆಗೇ ಇತ್ತು, ಕನ್ನಡೀಲಿ ನೋಡಿದೆ. ಕಾಲು ಮಾತ್ರ ಎತ್ತಲಿಲ್ಲ. ನಾನು 'ಅಪ್ಪಾ' ಅಂತ ಕಿರುಚಿದೆ. ಆಮೇಲೆ ಬ್ರೇಕ್."

ಅತ್ತೆಯ ಕೈಯಲ್ಲಿದ್ದ ಸಕ್ಕರೆ ಡಬ್ಬಿ ಹಾಗೇ ನಿಂತಿತು.

"ಪೊಲೀಸರಿಗೆ ಹೇಳಿದೆಯಾ?" ಎಂದಳು ಪರದೆಯಕ್ಕ.

"ಹೇಳಲಿಲ್ಲ. ನನ್ನಪ್ಪ ಅಲ್ವಾ" ಎಂದಳು ಮಗಳು, ಅಳುತ್ತ. "ಆ ಅಜ್ಜಿ ನಮ್ಮ ಆಸ್ಪತ್ರೇಲೇ ಇದ್ದಾರೆ. ದಿನಾ ಅವರ ಔಷಧಿ ನಾನೇ ಕಟ್ಟಿ ಕೊಡ್ತೀನಿ. 'ನಿಮ್ಮಪ್ಪ ಒಳ್ಳೆ ಡ್ರೈವರಮ್ಮ, ಪಾಪ, ಆ ಸೈಕಲ್ಲಿನವನದೇ ತಪ್ಪು' ಅಂತಾರೆ ನನಗೇ. ನಾನು ಏನು ಹೇಳಲಿ? ಅಪ್ಪನ್ನ ಪಾಸು ಮಾಡಿಸಿದ್ದು ನಮ್ಮಮ್ಮ ಅಂತ ಹೇಳಲಾ?"

ಪರದೆಯಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ದಿನ ಅವಳು ಹೋರಾಡಿದ್ದು ಒಂದು ದೀಪದ ಬಣ್ಣಕ್ಕಾಗಿ. ನೀರು ಕುಡಿಸಿದ್ದು, ನಿಂಬೆ ಹಿಂಡಿದ್ದು, ಹಗಲು ಹೊತ್ತಿನಲ್ಲಿ ಮನೆ ಮಂದಿಗೆಲ್ಲ ಉಣಿಸಿದ್ದು ಎಲ್ಲ ಅದಕ್ಕೇ. ಅವನ ಬೆನ್ನ ಹಿಂದೆ ಬಸ್ ತುಂಬ ಜನ ಎಂದವಳು ಅವಳೇ. ಆ ಜನರ ನಡುವೆ ತನ್ನ ಮಗಳೂ ಕಂಬಿ ಹಿಡಿದು ನಿಂತಿದ್ದಳು.

ಅತ್ತೆ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದರು. "ಅವನಪ್ಪನಿಗೂ ಕುಡಿಯೋಕೆ ನಾನೇ ಚಿಲ್ಲರೆ ಕೊಟ್ಟು ಕಳಿಸ್ತಿದ್ದೆ" ಎಂದರು.

ಗಂಡ ಮನೆಗೆ ಬಂದಾಗ ನಾಲ್ಕಾಗಿತ್ತು. ಕೈಕಾಲು ತೊಳೆದು, ಶಿಳ್ಳೆ ಹಾಕುತ್ತ ಮೇಜಿನ ಮುಂದೆ ಕೂತ. ಒಲೆ ಹೊತ್ತಿರಲಿಲ್ಲ. ಪರದೆಯಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಹಸಿರು ಬಟ್ಟೆಯ ಅಂಚು ಹೊಲಿಯುತ್ತಿದ್ದಳು.

"ಊಟ?"

"ಎಂಟಕ್ಕೆ."

"ಏನು ಎಂಟಕ್ಕೆ? ನಾಳೆ ಮೊದಲನೇ ಬಸ್ಸು ನಂದು!"

"ಗೊತ್ತು."

ಅವಳು ಹೊಲಿಗೆ ನಿಲ್ಲಿಸಿ ಎದ್ದಳು. ಸೊಂಟದಿಂದ ಬೀಗದ ಕೈ ತೆಗೆದು ಅವನ ಮುಂದೆ ಇಟ್ಟಳು. ಗೆರೆಗಳಿದ್ದ ಪುಟ್ಟ ಲೋಟವನ್ನು ಅವನ ಕಣ್ಣೆದುರಿಗೇ ಕಸದ ಬುಟ್ಟಿಗೆ ಹಾಕಿದಳು.

"ಬಾಟಲಿ ಎಲ್ಲಿದೆ ನಿಮಗೆ ಗೊತ್ತು. ಎಷ್ಟು ಬೇಕಾದ್ರೂ ಕುಡೀರಿ, ಯಾವಾಗ ಬೇಕಾದ್ರೂ ಕುಡೀರಿ. ನಾನಿನ್ನು ಅಳೆಯಲ್ಲ, ಗಡಿಯಾರ ನೋಡಲ್ಲ. ನೀರು ಕೊಡಲ್ಲ, ಎಬ್ಬಿಸಲ್ಲ."

"ನನ್ನ ಲೈಸೆನ್ಸ್ ಹೋಗಲಿ ಅಂತೀಯಾ? ತಲೆ ಕೆಟ್ಟಿದೆಯಾ ನಿನಗೆ?"

"ಕೆಟ್ಟಿತ್ತು. ಇವತ್ತು ಸರಿಹೋಯ್ತು."

"ಮೆಷಿನ್ನೇ ಹೇಳಿದೆ..."

"ಮೆಷಿನ್ನಿನ ಕೈಲಿ ನಾನು ಸುಳ್ಳು ಹೇಳಿಸಲಿಲ್ಲ, ನಿಜ. ಅದು ಅಂಕಿ ಹೇಳಿತು ಅಷ್ಟೇ. ನಿಮ್ಮ ಕಾಲು ಯಾಕೆ ಏಳಲಿಲ್ಲ ಅಂತ ಅದಕ್ಕೆ ಗೊತ್ತಿಲ್ಲ. ನಿಮಗೆ ಗೊತ್ತು, ನಿಮ್ಮ ಮಗಳಿಗೆ ಗೊತ್ತು. ನಾಳೆ ಅವಳು ನಿಮ್ಮ ಬಸ್ಸಿಗೇ ಬರ್ತಾಳೆ. ನಾನೂ ಬರ್ತೀನಿ. ಅವಳು ನಿಲ್ಲೋ ಜಾಗದಲ್ಲೇ ನಿಲ್ತೀನಿ."

ಅವನು ಮಗಳ ಕಡೆ ತಿರುಗಿದ. ಮಗಳು ಹಣೆಯ ಊತವನ್ನು ಕೂದಲಿನಿಂದ ಮುಚ್ಚಿಕೊಂಡು ನೆಲ ನೋಡುತ್ತಿದ್ದಳು. ತಾಯಿಯ ಕಡೆ ತಿರುಗಿದ. "ಅಮ್ಮಾ, ನೋಡು ಇವಳು..."

"ನಾನೂ ಎಂಟಕ್ಕೇ ಉಣ್ತೀನಪ್ಪ" ಎಂದರು ಅತ್ತೆ.

ನಾಲ್ಕರಿಂದ ಎಂಟರವರೆಗೆ ಪರದೆಯಕ್ಕ ಹೊಲಿಗೆ ಮೆಷಿನ್ನು ತುಳಿದಳು. ಗಂಡ ಮೇಜಿನ ಮುಂದೆ ಕೂತಿದ್ದ. ಬೀಗದ ಕೈ ಎತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ. ಒಮ್ಮೆ ಎದ್ದು ಡ್ರಾಯರಿನ ಹತ್ತಿರ ಬಂದು ನಿಂತ. ಅವಳು ಮೊಣಕಾಲು ಸರಿಸಿ ದಾರಿ ಬಿಟ್ಟಳು. ಅವನು ಅವಳ ಬಗ್ಗಿದ ತಲೆಯನ್ನೇ ನೋಡುತ್ತ ನಿಂತು, ವಾಪಸು ಹೋಗಿ ಕೂತ. ಎಂಟಕ್ಕೆ ನಾಲ್ವರೂ ಅನ್ನ, ಬೇಳೆ ಉಂಡರು. ಅವನು ಅರ್ಧ ತಟ್ಟೆಯನ್ನೂ ಮುಗಿಸಲಿಲ್ಲ, ಮೈಯೆಲ್ಲ ಬೆವರುತ್ತಿತ್ತು. ಅತ್ತೆ ಮಾತ್ರ ಎರಡು ಸಲ ಬಡಿಸಿಕೊಂಡರು.

ಬೆಳಗ್ಗೆ ಅವಳು ಎಬ್ಬಿಸಲಿಲ್ಲ. ಅವನು ಮಲಗಿದ್ದರೆ ತಾನೆ ಎಬ್ಬಿಸುವುದು. ಹೇಳಿದ ಹಾಗೇ ತಾಯಿ ಮಗಳು ಅವನ ಹಿಂದೆ ಡಿಪೋದ ಗೇಟಿಗೆ ನಡೆದರು. ಊದಪ್ಪ, "ಏನಿದು, ಸಂಸಾರ ಸಮೇತ?" ಎಂದು ನಗುತ್ತ ಮೆಷಿನ್ನು ಹಿಡಿದ. "ಊದಪ್ಪಾ, ಊದು, ಇನ್ನೂ ಊದು."

ಹಸಿರು. ಊದಪ್ಪ ಅಂಕಿ ನೋಡಿ ಹುಬ್ಬೇರಿಸಿದ. "ಸೊನ್ನೆ! ಬೆಣ್ಣೆ, ನಿನ್ನ ಹೆಸರಿಗೆ ಮೊದಲನೇ ಸೊನ್ನೆ ಕಣಯ್ಯಾ ಇದು! ತಗೋ ಕೀಲಿ."

ಗಂಡ ಕೀಲಿಗೆ ಕೈ ಚಾಚಿದ. ಬೆರಳುಗಳು ಅದರುತ್ತಿದ್ದವು, ಕೀಲಿಗೊಂಚಲು ಜಣಜಣ ಎಂದಿತು. ಮುಷ್ಟಿ ಬಿಗಿದ, ನಿಲ್ಲಲಿಲ್ಲ. ದೀಪ ಹಸಿರೇ ಇತ್ತು. ಕಾನೂನಿನ ಪ್ರಕಾರ ಅವನು ಹೋಗಿ ಬಸ್ಸು ಹತ್ತಬಹುದಿತ್ತು, ಯಾರೂ ಕೇಳುವಂತಿರಲಿಲ್ಲ. ಅವಳೂ ಬಾಯಿ ಬಿಡಲಿಲ್ಲ. ಇನ್ನೊಂದು ಸಲ ಅವನ ಬದಲಿಗೆ ತಾನು ನಿರ್ಧರಿಸಲಾರಳು.

ಅವನು ಕೀಲಿಯನ್ನು ಮೇಜಿನ ಮೇಲಿಟ್ಟ.

"ಇವತ್ತು ಬೇಡ."

"ಯಾಕೋ? ಸೊನ್ನೆ ಇದೆಯಲ್ಲ!"

"ಮೆಷಿನ್ನು ಸೊನ್ನೆ ಅನ್ನತ್ತೆ. ಒಂದು ದಿನ ಕುಡೀದಿದ್ದಕ್ಕೆ ಈ ಕೈ ನೋಡು ನೀನು" ಎಂದು ಎರಡೂ ಕೈ ಅವನ ಮುಂದೆ ಚಾಚಿದ. ಹಿಂದೆ ಸಾಲಿನಲ್ಲಿ ನಿಂತಿದ್ದ ಡ್ರೈವರುಗಳೆಲ್ಲ ನೋಡಿದರು. ಅವನು ಕೈ ಇಳಿಸಲಿಲ್ಲ. "ಅವತ್ತೂ ಹಸಿರೇ ಇತ್ತು ಕಣೋ. ಸೈಕಲ್ಲು ನನಗೆ ಕಾಣಿಸಿತ್ತು. ಕಾಲು ಬರಲಿಲ್ಲ. ಮ್ಯಾನೇಜರಿಗೆ ಹೇಳಬೇಕು, ಬಾ."

ಊದಪ್ಪನ ನಗು ಇಂಗಿತು. "ಹೇಳಿದ್ರೆ ಏನಾಗತ್ತೆ ಗೊತ್ತಲ್ಲ?"

"ಗೊತ್ತು."

ಅವನು ಮ್ಯಾನೇಜರ ಕೋಣೆಯಿಂದ ಹೊರಗೆ ಬರುವ ಹೊತ್ತಿಗೆ ಬಿಸಿಲೇರಿತ್ತು. ಕೀಲಿ ಅಲ್ಲೇ ಬಿಟ್ಟು, ಲೈಸೆನ್ಸನ್ನೂ ಅಲ್ಲೇ ಬಿಟ್ಟು ಬಂದಿದ್ದ. ಮತ್ತೆ ಸಿಗುತ್ತದೋ ಇಲ್ಲವೋ ಯಾರೂ ಹೇಳಿರಲಿಲ್ಲ. ಮೂವರೂ ಬೇರೆ ಯಾರೋ ಓಡಿಸುತ್ತಿದ್ದ ಬಸ್ಸು ಹತ್ತಿ ಆಸ್ಪತ್ರೆಯ ಕಡೆ ಹೊರಟರು. ಹೊಸ ಹುಡುಗ, ಪ್ರತಿ ಸ್ಟಾಪಿನಲ್ಲೂ ಜನ ಮುಗ್ಗರಿಸುವಂತೆ ಬ್ರೇಕು ಹಾಕುತ್ತಿದ್ದ. ಮಗಳು ಅಭ್ಯಾಸದಂತೆ ಕಂಬಿ ಹಿಡಿದು ನಿಂತಳು. ಅಪ್ಪ ಅವಳ ಚೀಲ ಹಿಡಿದು ಎಳೆದು ಪಕ್ಕದ ಸೀಟಿನಲ್ಲಿ ಕೂರಿಸಿದ.

ಸ್ವಲ್ಪ ದೂರ ಹೋದ ಮೇಲೆ ಅವನು ಹೆಂಡತಿಯ ಕಡೆ ಬಾಗಿ ಮೆಲ್ಲಗೆ ಕೇಳಿದ: "ಇವತ್ತು ಊಟ ಎಷ್ಟೊತ್ತಿಗೆ?"

"ಎಂಟಕ್ಕೆ."

"ಅಲ್ಲೀವರೆಗೆ ನಾನೇನು ಮಾಡ್ಲಿ?"

ಅವನು ಹಾಗೆ ಕೇಳಿದ್ದು ಇಷ್ಟು ವರ್ಷದಲ್ಲಿ ಅದೇ ಮೊದಲು. ಪರದೆಯಕ್ಕ ನಡುಗುತ್ತಿದ್ದ ಅವನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ನನಗೂ ಗೊತ್ತಿಲ್ಲ ಕಣ್ರೀ" ಎಂದಳು. "ಮೊದಲು ಡಾಕ್ಟ್ರಿಗೆ ತೋರಿಸೋಣ. ಆಮೇಲೆ ಆ ಅಜ್ಜೀನ ನೋಡಿ ಬರೋಣ."